ದೊಡ್ಡ ಮಿರರ್‌ಲೆಸ್ಸೋ, ಸಣ್ಣ ಸೂಪರ್‌ಜೂಮೋ? ಕಾಸರಗೋಡಿನಲ್ಲಿ ಕ್ಯಾಮರಾ ಆರಿಸುವವರಿಗೆ

ಕಳೆದ ದೀಪಾವಳಿಗೆ ಅಕ್ಕನ ಮಗ ಮನೆಗೆ ಬಂದಿದ್ದ. ಕಾಫಿ ಕುಡಿಯುವ ಮೊದಲೇ ಶುರು ಮಾಡಿದ. "ಮಾವ, ದುಬೈಯಿಂದ ಗೆಳೆಯ ಬರ್ತಿದ್ದಾನೆ. ಒಂದು ಕ್ಯಾಮರಾ ತರಿಸಬೇಕು. ದೊಡ್ಡ ಮಿರರ್‌ಲೆಸ್ ತರಿಸಲಾ, ಅಲ್ಲ 40 ಪಟ್ಟು ಜೂಮ್ ಆಗುವ ಸಣ್ಣದು ಸಾಕಾ?"

"ಯಾವುದರ ಫೋಟೋ ತೆಗೆಯಬೇಕು?" ಎಂದು ಕೇಳಿದೆ.

"ಎಲ್ಲದರದ್ದೂ" ಎಂದ.

ಈ ಉತ್ತರ ಇಟ್ಟುಕೊಂಡು ಅಂಗಡಿಗೆ ಹೋದರೆ ದುಡ್ಡು ಹಾಳಾಗುವುದು ಖಂಡಿತ. ಅವನನ್ನು ಜಗಲಿಯಲ್ಲಿ ಕೂರಿಸಿ, ಅವನ ಫೋನ್ ಕೈಗೆ ತೆಗೆದುಕೊಂಡು, ಎರಡು ಗಂಟೆ ಲೆಕ್ಕ ಹಾಕಿದೆವು. ಮಿರರ್‌ಲೆಸ್ ಎಂದರೆ ಲೆನ್ಸ್ ಬದಲಿಸಬಹುದಾದ ಕ್ಯಾಮರಾ. ಸೂಪರ್‌ಜೂಮ್ ಎಂದರೆ ತುಂಬ ದೂರದ್ದನ್ನು ಹತ್ತಿರ ತರುವ, ಲೆನ್ಸ್ ಬದಲಿಸಲಾಗದ ಕ್ಯಾಮರಾ. ಅವತ್ತು ಮಾಡಿದ್ದನ್ನೇ ಇಲ್ಲಿ ಒಂದೊಂದು ಹೆಜ್ಜೆಯಾಗಿ ಬರೆದಿದ್ದೇನೆ. ಮಂಜೇಶ್ವರದವರಿರಲಿ, ಬದಿಯಡ್ಕದವರಿರಲಿ, ನೀವೂ ಒಂದು ಸಂಜೆ ಹೀಗೆ ಕೂತು ನೋಡಿ.

ಹೆಜ್ಜೆ 1: ಫೋನಿನಲ್ಲಿರುವ ಫೋಟೋಗಳನ್ನು ಮೂರು ಪಾಲು ಮಾಡಿ

ಕಳೆದ ಒಂದು ವರ್ಷದಲ್ಲಿ ನೀವೇ ತೆಗೆದ ಫೋಟೋಗಳಲ್ಲಿ ಇಷ್ಟವಾದ ನೂರನ್ನು ಆರಿಸಿ. "ಛೆ, ಇನ್ನೂ ಚೆನ್ನಾಗಿ ಬರಬೇಕಿತ್ತು" ಅನ್ನಿಸಿದವನ್ನು ಬಿಡಬೇಡಿ, ಅವೇ ಮುಖ್ಯ. ಆಮೇಲೆ ಮೂರು ಪಾಲು ಮಾಡಿ. ಹಗಲಿನಲ್ಲಿ ದೂರದ್ದು ಒಂದು ಪಾಲು. ರಾತ್ರಿಯದ್ದು ಇನ್ನೊಂದು. ಮನೆ, ಊಟ, ಮದುವೆಯ ಗುಂಪು ಮೂರನೆಯದು. ಈ ಮೂರನೆಯ ಪಾಲನ್ನು ಪಕ್ಕಕ್ಕಿಡಿ. ಅದಕ್ಕೆ ಫೋನೇ ಸಾಕು.

ಅಕ್ಕನ ಮಗ ತಾನು ಹಕ್ಕಿಯವನು ಎಂದುಕೊಂಡಿದ್ದ. ರಾಣಿಪುರಂ, ಕಿದೂರು ಅಂತ ಬಾಯಲ್ಲಿ ಅದೇ ಮಾತು. ಪಾಲು ಮಾಡಿ ನೋಡಿದರೆ ಅರ್ಧಕ್ಕಿಂತ ಜಾಸ್ತಿ ರಾತ್ರಿಯ ಫೋಟೋ. ಬಯಲಾಟ, ಕೋಲ, ತೆಯ್ಯಂ, ದೇವಸ್ಥಾನದ ಉತ್ಸವ. ಇದು ಅವನೊಬ್ಬನ ಕಥೆ ಅಲ್ಲ. ನಮ್ಮಲ್ಲಿ ದೀಪಾವಳಿಯಿಂದ ಪತ್ತನಾಜೆಯವರೆಗೆ ನೋಡಬೇಕಾದದ್ದೆಲ್ಲ ಕತ್ತಲಾದ ಮೇಲೆಯೇ ನಡೆಯುತ್ತದೆ ಅಲ್ವಾ? ಯಕ್ಷಗಾನದ ಕವಿ ಪಾರ್ತಿಸುಬ್ಬ ಹುಟ್ಟಿದ ಕುಂಬಳೆ ಸೀಮೆಯವರು ನಾವು. ಬೇರೆ ಊರಿನವರು ಹೊರಗಿನ ಬಿಸಿಲಲ್ಲಿ ಪರೀಕ್ಷೆ ಮಾಡಿ "ಈ ಕ್ಯಾಮರಾ ಅದ್ಭುತ" ಎಂದು ಹೇಳಿದರೆ, ಅದು ಅವರ ಮಟ್ಟಿಗೆ ಸರಿ. ನಮಗೆ ಹೊಂದುತ್ತದೋ ಇಲ್ಲವೋ ಎಂಬುದನ್ನು ನಾವೇ ನೋಡಿಕೊಳ್ಳಬೇಕು.

ಹೆಜ್ಜೆ 2: ನಿಮ್ಮ ಕತ್ತಲು ಎಷ್ಟು ಕತ್ತಲು?

ಈ ಹೆಜ್ಜೆಗೆ ಸ್ವಲ್ಪ ಜಾಸ್ತಿ ಹೊತ್ತು ಕೊಡಿ. ಯಾವ ಕ್ಯಾಮರಾ ಎಂಬುದು ಹೆಚ್ಚುಕಡಿಮೆ ಇಲ್ಲಿಯೇ ತೀರ್ಮಾನವಾಗುತ್ತದೆ.

ಫೋನಿನಲ್ಲಿ ಫೋಟೋ ತೆರೆದು ಅದರ ವಿವರ ನೋಡಿ. ಅಪರ್ಚರ್, ಶಟರ್, ಐಎಸ್‌ಒ ಎಂದು ಮೂರು ಸಂಖ್ಯೆ ಇರುತ್ತವೆ. ಅಪರ್ಚರ್ ಎಂದರೆ ಲೆನ್ಸಿನ ಕಿಂಡಿ ಎಷ್ಟು ತೆರೆದಿದೆ ಎಂಬುದು. ಎಫ್ ಪಕ್ಕದ ಸಂಖ್ಯೆ ಸಣ್ಣದಾದಷ್ಟು ಕಿಂಡಿ ದೊಡ್ಡದು. ಶಟರ್ ಎಂದರೆ ಎಷ್ಟು ಹೊತ್ತು ಬೆಳಕು ಒಳಗೆ ಬಂತು. ಐಎಸ್‌ಒ ಎಂದರೆ ಬಂದ ಬೆಳಕನ್ನು ಕ್ಯಾಮರಾ ಎಷ್ಟು ಹಿಗ್ಗಿಸಿತು. ಹಿಗ್ಗಿಸಿದಷ್ಟೂ ಫೋಟೋದಲ್ಲಿ ಮರಳು ಚೆಲ್ಲಿದ ಹಾಗೆ ಕಾಳುಕಾಳು ಕಾಣುತ್ತದೆ.

ಮುಂದಿನ ಸಲ ಬಯಲಾಟಕ್ಕೆ ಹೋದಾಗ ಫೋನಿನ ನೈಟ್ ಮೋಡ್ ತೆಗೆದುಹಾಕಿ ರಂಗಸ್ಥಳದ ಒಂದು ಫೋಟೋ ತೆಗೆಯಿರಿ. ಎಫ್ 1.8, ಸೆಕೆಂಡಿನ 1/50, ಐಎಸ್‌ಒ 1600 ಎಂದು ಬಂತು ಎಂದುಕೊಳ್ಳಿ. ವೇಷ ಸುಮ್ನೆ ನಿಂತಿದ್ದರೆ 1/50 ಸಾಕು. ಪುಂಡುವೇಷ ಧಿಗಿಣ ಹಾಕುವಾಗ ಸಾಲದು. ಕಡಿಮೆ ಎಂದರೂ 1/250 ಬೇಕು. ಅಂದರೆ ಬೆಳಕು ಐದರಲ್ಲಿ ಒಂದು ಪಾಲಿಗೆ ಇಳಿಯಿತು. ಅದನ್ನು ತುಂಬಿಸಲು ಐಎಸ್‌ಒ ಐದು ಪಟ್ಟು ಏರಬೇಕು: 8000.

ಇದು ಎಫ್ 1.8ರ ಲೆಕ್ಕ. ಬೇರೆ ಲೆನ್ಸ್ ಆದರೆ ಎಫ್ ಸಂಖ್ಯೆಗಳನ್ನು ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ. ಎಫ್ 4 ಆದರೆ 4 ಭಾಗ 1.8, ಅದರ ವರ್ಗ ಸುಮಾರು 5. ಐಎಸ್‌ಒ 40,000 ಬೇಕು. ಎಫ್ 6.9 ಆದರೆ ಸುಮಾರು 15 ಪಟ್ಟು. ಐಎಸ್‌ಒ ಒಂದು ಲಕ್ಷ ದಾಟುತ್ತದೆ.

ಈಗ ಕ್ಯಾಮರಾಗಳನ್ನು ಎದುರಿಗಿಡಿ. ಕೆನಾನಿನ ಎಸ್‌ಎಕ್ಸ್740 ಎಚ್‌ಎಸ್ ಜೇಬಿಗೆ ಹಿಡಿಸುವಂಥದ್ದು, 299 ಗ್ರಾಂ, 40 ಪಟ್ಟು ಜೂಮ್. ಪೂರ್ತಿ ಜೂಮ್ ಮಾಡಿದಾಗ ಅದರ ಕಿಂಡಿ ಎಫ್ 6.9. ಅದರ ಐಎಸ್‌ಒ 3200ಕ್ಕೆ ನಿಲ್ಲುತ್ತದೆ. ಹಾಗಾದರೆ ನಮ್ಮ ರಂಗಸ್ಥಳದಲ್ಲಿ ಅದು ಶಟರನ್ನು ಸೆಕೆಂಡಿನ ಏಳನೇ ಒಂದು ಭಾಗದಷ್ಟು ಹೊತ್ತು ತೆರೆದಿಡಬೇಕು. ಧಿಗಿಣ ಹಾಕುವವನು ಬಣ್ಣದ ಒಂದು ಗೀಟಾಗಿ ಕಾಣುತ್ತಾನೆ. ಸೋನಿಯ ಆರ್‌ಎಕ್ಸ್10 ಮಾರ್ಕ್ 4 ಸೂಪರ್‌ಜೂಮುಗಳಲ್ಲಿ ದೊಡ್ಡಣ್ಣ. ಪೂರ್ತಿ ಜೂಮಿನಲ್ಲೂ ಎಫ್ 4, ಐಎಸ್‌ಒ 12,800ರವರೆಗೆ. ಅದಕ್ಕೆ ಸುಮಾರು 1/80 ಸಿಗುತ್ತದೆ. ನಿಂತ ವೇಷ ಬರುತ್ತದೆ, ಕುಣಿತ ಬರುವುದಿಲ್ಲ. ಸೋನಿಯ ಎ7 ಮಾರ್ಕ್ 4ರಂಥ ಫುಲ್ ಫ್ರೇಮ್ (ಬೆಳಕು ಹಿಡಿಯುವ ಸೆನ್ಸರ್ ದೊಡ್ಡದಿರುವ) ಮಿರರ್‌ಲೆಸ್‌ಗೆ 85 ಮಿ.ಮೀ. ಎಫ್ 1.8 ಲೆನ್ಸ್ ಹಾಕಿದರೆ ಐಎಸ್‌ಒ 8000 ಅದಕ್ಕೆ ದೊಡ್ಡ ಸಂಗತಿಯೇ ಅಲ್ಲ.

ನಿಮ್ಮ ಊರಿನ ಆಟದಲ್ಲಿ ಎಲ್‌ಇಡಿ ದೀಪ ಜಾಸ್ತಿ ಇದ್ದು ಫೋನ್ ಐಎಸ್‌ಒ 400 ತೋರಿಸಿದರೆ ಈ ಎಲ್ಲ ಐಎಸ್‌ಒ ಸಂಖ್ಯೆಗಳೂ ಕಾಲು ಭಾಗಕ್ಕೆ ಇಳಿಯುತ್ತವೆ. ಆಗ ಆರ್‌ಎಕ್ಸ್10ರಂಥದ್ದರಲ್ಲಿ ಕುಣಿತವೂ ಸಿಗುತ್ತದೆ. ಅದಕ್ಕೇ ಹೇಳಿದ್ದು, ನಿಮ್ಮ ಕತ್ತಲನ್ನು ನೀವೇ ಅಳೆಯಿರಿ ಅಂತ.

ಕೋಲ, ತೆಯ್ಯಂಗಳಲ್ಲಿ ಬರೀ ಪಂಜಿನ ಬೆಳಕು ಇದ್ದರೆ ಸಣ್ಣ ಸೂಪರ್‌ಜೂಮನ್ನು ಮರೆತುಬಿಡಿ. ಫ್ಲ್ಯಾಶ್ ಹಾಕಿದರೆ ಆಯಿತಲ್ಲ ಎಂದು ಕೆಲವರು ಹೇಳುತ್ತಾರೆ. ದಯವಿಟ್ಟು ಹಾಕಬೇಡಿ. ದೈವದ ಎದುರು, ಕಣ್ಣಿಗೆ ಹೊಡೆಯುವ ಹಾಗೆ ಬೆಳಕು ಬಿಡುವುದು ಸರಿಯಲ್ಲ. ಫೋಟೋ ತೆಗೆಯಬಹುದೇ ಎಂದು ಮನೆಯವರನ್ನೋ ದೈವಸ್ಥಾನದವರನ್ನೋ ಮೊದಲೇ ಕೇಳಿ. ಬೇಡ ಎಂದರೆ ಕ್ಯಾಮರಾ ಚೀಲದೊಳಗೇ ಇರಲಿ.

ಹೆಜ್ಜೆ 3: ದೂರ ಎಷ್ಟು?

ಇದಕ್ಕೊಂದು ಸುಲಭದ ಸೂತ್ರ ಇದೆ. ಮೀಟರಿನಲ್ಲಿ ದೂರವನ್ನು 36ರಿಂದ ಗುಣಿಸಿ, ಲೆನ್ಸಿನ ಫೋಕಲ್ ಲೆಂತಿನಿಂದ ಭಾಗಿಸಿ. ಅಷ್ಟು ಮೀಟರ್ ಅಗಲದ ಜಾಗ ಫೋಟೋದಲ್ಲಿ ಹಿಡಿಸುತ್ತದೆ. ಫೋಕಲ್ ಲೆಂತ್ ಎಂದರೆ ಲೆನ್ಸಿನ ಮಿ.ಮೀ. ಸಂಖ್ಯೆ, ಅದು ಜಾಸ್ತಿಯಾದಷ್ಟು ದೂರದ್ದು ಹತ್ತಿರ ಕಾಣುತ್ತದೆ. ಇಲ್ಲಿ ಹೇಳಿದ್ದು ಫುಲ್ ಫ್ರೇಮ್ ಲೆಕ್ಕದ್ದು. ಪೆಟ್ಟಿಗೆಯ ಮೇಲೆ "35 ಮಿ.ಮೀ. ಸಮಾನ" ಎಂಬ ಅರ್ಥದಲ್ಲಿ ಬರೆದಿರುತ್ತಾರಲ್ಲ, ಅದು.

ದೊಡ್ಡ ಮಂಗಟ್ಟೆ ಹಕ್ಕಿ, ಅದೇ ಕೇರಳದ ರಾಜ್ಯಪಕ್ಷಿ, ಕೊಕ್ಕಿನಿಂದ ಬಾಲದವರೆಗೆ ಸುಮಾರು ಒಂದು ಮೀಟರ್. 60 ಮೀಟರ್ ಆಚೆಯ ಮರದಲ್ಲಿ ಹಣ್ಣು ತಿನ್ನುತ್ತಿದೆ ಎಂದುಕೊಳ್ಳಿ. 600 ಮಿ.ಮೀ.ನಲ್ಲಿ ನೋಡಿದರೆ ಫೋಟೋದ ಅಗಲ 3.6 ಮೀಟರ್. ಹಕ್ಕಿ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಚೆನ್ನಾಗಿದೆ. 960 ಮಿ.ಮೀ.ನಲ್ಲಿ 2.25 ಮೀಟರ್, ಹಕ್ಕಿ ಹತ್ತಿರಹತ್ತಿರ ಅರ್ಧ. ನಿಕಾನ್ ಪಿ1000 ಎಂಬ ಸೂಪರ್‌ಜೂಮಿನ 3000 ಮಿ.ಮೀ.ನಲ್ಲಿ 72 ಸೆಂ.ಮೀ. ಮಾತ್ರ. ಹಕ್ಕಿಯೇ ಹಿಡಿಸುವುದಿಲ್ಲ! 85 ಮಿ.ಮೀ. ಲೆನ್ಸಿನಲ್ಲಿ 25 ಮೀಟರ್ ಅಗಲ. ಹಕ್ಕಿಯನ್ನು ಹುಡುಕಬೇಕಾಗುತ್ತದೆ.

ಸೂರಕ್ಕಿ ಬೇರೆ ಕಥೆ. ಅದು ಬರೀ ಹತ್ತು ಸೆಂಟಿಮೀಟರ್. ಇಪ್ಪತ್ತು ಮೀಟರ್ ದೂರದಲ್ಲಿ 600 ಮಿ.ಮೀ. ಕೂಡ ಅದನ್ನು ಫೋಟೋದ ಹನ್ನೆರಡನೇ ಒಂದು ಭಾಗ ಮಾಡುತ್ತದೆ ಅಷ್ಟೆ. ಇಲ್ಲಿ ದೊಡ್ಡ ಜೂಮಿಗೆ ನಿಜವಾಗಿ ಬೆಲೆ ಇದೆ. ಅನಂತಪುರದ ಕೆರೆಯ ಬಬಿಯಾ ಮೊಸಳೆಯನ್ನು ನೋಡಿದವರಿಗೂ ಇದು ಗೊತ್ತು. 2022ರ ಅಕ್ಟೋಬರಿನಲ್ಲಿ ಅದು ತೀರಿಹೋಯಿತು. ಅದಕ್ಕೂ ಮೊದಲು ನಾನು ತೆಗೆದ ಒಂದೇ ಒಂದು ಒಳ್ಳೆಯ ಫೋಟೋ ಸಣ್ಣ ಸೂಪರ್‌ಜೂಮಿನದ್ದು. ನೀರಿನ ಮೇಲೆ ಎರಡು ಕಣ್ಣು, ಮೂಗಿನ ತುದಿ. ಫೋನಿನಲ್ಲಿ ಅದು ತೇಲುವ ಮಡಲಿನ ತುಂಡಿನ ಹಾಗೆ ಕಾಣುತ್ತಿತ್ತು.

ಆದರೆ ಒಂದು ಮಾತು. ಮಧ್ಯಾಹ್ನ ಬೇಕಲ ಕೋಟೆಯ ಬುರುಜಿನ ಮೇಲೆ ನಿಂತು ಕಡಲಿನ ದೋಣಿಗೆ 3000 ಮಿ.ಮೀ. ಜೂಮ್ ಮಾಡಿ ನೋಡಿ. ಬಿಸಿ ಗಾಳಿ ಕುದಿಯುವ ನೀರಿನ ಹಾಗೆ ಅಲುಗಾಡುತ್ತದೆ. ಅದನ್ನು ಯಾವ ಲೆನ್ಸೂ ಸರಿ ಮಾಡಲಾರದು. ದೂರದ ಫೋಟೋ ಬೆಳಿಗ್ಗೆ ಎಂಟರೊಳಗೆ ತೆಗೆಯಬೇಕು.

ಕೋಲಕ್ಕೂ ಇದೇ ಸೂತ್ರ ಹಾಕಿ. ಆರು ಮೀಟರ್ ದೂರ, 85 ಮಿ.ಮೀ.: ಸುಮಾರು ಎರಡೂವರೆ ಮೀಟರ್. ಕ್ಯಾಮರಾವನ್ನು ಉದ್ದುದ್ದ ಹಿಡಿದರೆ ವೇಷ ಕಾಲಿನಿಂದ ತಲೆಯವರೆಗೆ ಹಿಡಿಸುತ್ತದೆ. ರಾತ್ರಿಗೆ ನಮಗೆ ಜೂಮೇ ಬೇಕಾಗಿಲ್ಲ. ಕಿಂಡಿ ದೊಡ್ಡದಿರುವ ಒಂದು ಲೆನ್ಸ್ ಬೇಕು.

ಹೆಜ್ಜೆ 4: ಗಾಜು ಮತ್ತು ಸೆನ್ಸರಿನ ಅಳತೆ

ಮಿರರ್‌ಲೆಸ್ ಎಂದರೆ ಹಳೆಯ ಎಸ್‌ಎಲ್‌ಆರ್‌ಗಳಲ್ಲಿ ಇದ್ದ ಕನ್ನಡಿ ಇಲ್ಲದ, ಲೆನ್ಸ್ ಬದಲಿಸಬಹುದಾದ ಕ್ಯಾಮರಾ. 2008ರಲ್ಲಿ ಪಾನಾಸೋನಿಕ್ ಜಿ1 ಬಂದಾಗಿನಿಂದ ಈ ಬಗೆ ಶುರುವಾಯಿತು. ಫುಲ್ ಫ್ರೇಮ್ ಸೆನ್ಸರ್ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ. ಸಣ್ಣ ಸೂಪರ್‌ಜೂಮಿನ ಸೆನ್ಸರ್ ಸುಮಾರು 6 ಮಿ.ಮೀ. ಅಗಲ, ನಾಲ್ಕೂವರೆ ಮಿ.ಮೀ. ಎತ್ತರ, ಕಿರುಬೆರಳಿನ ಉಗುರಿಗಿಂತಲೂ ಸಣ್ಣದು. ಹರವಿನಲ್ಲಿ ಮೂವತ್ತು ಪಟ್ಟು ವ್ಯತ್ಯಾಸ. ಆರ್‌ಎಕ್ಸ್10ರಲ್ಲಿರುವ "ಒಂದು ಇಂಚಿನ" ಸೆನ್ಸರ್ ಇವೆರಡರ ನಡುವೆ: 13.2 ಮತ್ತು 8.8 ಮಿ.ಮೀ. ಹೆಸರು ಇಂಚು, ಅಳತೆ ಇಂಚಲ್ಲ. ಮೋಸ ಹೋಗಬೇಡಿ.

ಸಣ್ಣ ಸೆನ್ಸರ್ ಇರುವುದರಿಂದಲೇ ಜೂಮ್ ಅಷ್ಟು ಅಗ್ಗ. ಎಸ್‌ಎಕ್ಸ್740ರ "960" ನಿಜದಲ್ಲಿ 172 ಮಿ.ಮೀ. ಲೆನ್ಸ್. ಅದನ್ನು 6.9ರಿಂದ ಭಾಗಿಸಿದರೆ ಬೆಳಕು ಬರುವ ಕಿಂಡಿಯ ಅಗಲ ಸಿಗುತ್ತದೆ: 25 ಮಿ.ಮೀ., ಒಂದು ನಾಣ್ಯದಷ್ಟು. ಸೋನಿಯ 200-600 ಲೆನ್ಸಿನಲ್ಲಿ 600 ಭಾಗ 6.3, ಅಂದರೆ 95 ಮಿ.ಮೀ., ಒಂದು ಗೆರಟೆಯ ಬಾಯಿಯಷ್ಟು. ದೂರದ ಹಕ್ಕಿಯಿಂದ ಬರುವ ಬೆಳಕನ್ನು ಹಿಡಿಯುವುದು ಈ ಬಾಯಿ. ಜೂಮ್ "ಎಷ್ಟು ಪಟ್ಟು" ಎಂದು ಕೇಳುವುದಕ್ಕಿಂತ ಈ ಬಾಯಿ ಎಷ್ಟು ಅಗಲ ಎಂದು ಲೆಕ್ಕ ಹಾಕಿ. ಅಂಗಡಿಯವರು ಇದನ್ನು ಹೇಳುವುದಿಲ್ಲ.

ಹೀಗೆ ಲೆಕ್ಕ ಹಾಕಿದಾಗ ನನಗೇ ಆಶ್ಚರ್ಯವಾದ ಒಂದು ಸಂಗತಿ ಸಿಕ್ಕಿತು. ಕೆನಾನ್ ಆರ್10 ಒಂದು ಸಣ್ಣ ಎಪಿಎಸ್-ಸಿ (ಫುಲ್ ಫ್ರೇಮಿಗಿಂತ ಸಣ್ಣ ಸೆನ್ಸರಿನ) ಮಿರರ್‌ಲೆಸ್, 429 ಗ್ರಾಂ. ಅದಕ್ಕೆ 635 ಗ್ರಾಮಿನ 100-400 ಲೆನ್ಸ್ ಹಾಕಿದರೆ ಅದು 640 ಮಿ.ಮೀ.ನ ಹಾಗೆ ಕೆಲಸ ಮಾಡುತ್ತದೆ. ಕಿಂಡಿ 400 ಭಾಗ 8, ಅಂದರೆ 50 ಮಿ.ಮೀ. ಒಟ್ಟು ತೂಕ 1064 ಗ್ರಾಂ. ಆರ್‌ಎಕ್ಸ್10 ಮಾರ್ಕ್ 4ರ ಕಿಂಡಿ 55 ಮಿ.ಮೀ., ತೂಕ 1095 ಗ್ರಾಂ. ಹಗಲಿನಲ್ಲಿ ಇಬ್ಬರೂ ಹೆಚ್ಚುಕಡಿಮೆ ಸಮ. ರಾತ್ರಿಯಾದಾಗ ಆರ್10ಕ್ಕೆ 160 ಗ್ರಾಮಿನ 50 ಮಿ.ಮೀ. ಎಫ್ 1.8 ಹಾಕಬಹುದು, ಆರ್‌ಎಕ್ಸ್10ಕ್ಕೆ ಏನೂ ಹಾಕಲಾಗದು.

ಹೆಜ್ಜೆ 5: ಹೊತ್ತು ನಡೆಯಿರಿ

ಎ7 ಮಾರ್ಕ್ 4 ಮತ್ತು 200-600 ಲೆನ್ಸ್ ಸೇರಿದರೆ ಎರಡು ಮುಕ್ಕಾಲು ಕಿಲೋ ದಾಟುತ್ತದೆ. ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ಚೀಲದಲ್ಲಿ ಮೂರು ಕಿಲೋ ಅಕ್ಕಿ ಹಾಕಿ, ಹೆಗಲಿಗೇರಿಸಿ, ತೋಟದ ತಗ್ಗಿಗೆ ಇಳಿದು ಹತ್ತಿ ಬನ್ನಿ. ಇದನ್ನು ಒಂದು ವಾರ ಮಾಡಿ. ನಾಲ್ಕನೇ ದಿನ ಚೀಲ ಮನೆಯಲ್ಲೇ ಉಳಿದರೆ ಕ್ಯಾಮರಾವೂ ಉಳಿಯುತ್ತದೆ.

ಜೇಬಿನ ಸೂಪರ್‌ಜೂಮ್ ಗೆಲ್ಲುವುದು ಇಲ್ಲಿ. ತೋಟಕ್ಕೆ ನೀರು ಬಿಡಲು ಹೋಗುವಾಗ, ಬಸ್ಸಿನಲ್ಲಿ, ಮಕ್ಕಳ ಜೊತೆ ಹೋಗುವಾಗ ಅದು ಜೊತೆಗಿರುತ್ತದೆ. ಕೆರೆಯ ಬದಿಯ ಮಿಂಚುಳ್ಳಿಗೆ ಅದು ಸಾಕೇಸಾಕು. ಆದರೆ ಎಸ್‌ಎಕ್ಸ್740ಕ್ಕೆ ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇಲ್ಲ. ಬಿಸಿಲಲ್ಲಿ ಪರದೆ ಕಾಣುವುದಿಲ್ಲ. ಹಕ್ಕಿ ಎಲ್ಲಿದೆ ಎಂದು ಹುಡುಕುವುದರಲ್ಲಿ ಅದು ಹಾರಿಹೋಗುತ್ತದೆ. ರಾ ಫೈಲ್ (ಆಮೇಲೆ ತಿದ್ದಲು ಅನುಕೂಲವಾದ ಕಚ್ಚಾ ಫೋಟೋ) ಕೂಡ ಅದರಲ್ಲಿಲ್ಲ.

ಹೆಜ್ಜೆ 6: ಪೂರ್ತಿ ದುಡ್ಡು ಬರೆಯಿರಿ

ಸೂಪರ್‌ಜೂಮ್ ಕೊಂಡರೆ ಇನ್ನೊಂದು ಬ್ಯಾಟರಿ, ಒಂದು ಕಾರ್ಡ್, ಮುಗಿಯಿತು. ಮಿರರ್‌ಲೆಸ್‌ನಲ್ಲಿ ಬಾಡಿಯ (ಲೆನ್ಸ್ ಇಲ್ಲದ ಕ್ಯಾಮರಾದ) ಬೆಲೆ ಬರೀ ಆರಂಭ. ಲೆನ್ಸುಗಳು, ವೇಗದ ಕಾರ್ಡ್, ಎರಡು ಬ್ಯಾಟರಿ, ಚೀಲ, ಒಣ ಡಬ್ಬಿ. ಎಲ್ಲವನ್ನೂ ಒಂದು ಕಾಗದದಲ್ಲಿ ಬರೆದು ಕೂಡಿಸಿ. ನನ್ನ ಸಲಹೆ ಇಷ್ಟೆ: ಬಾಡಿಯ ಮೇಲೆ ಕಡಿಮೆ ಹಾಕಿ, ಗಾಜಿನ ಮೇಲೆ ಜಾಸ್ತಿ ಹಾಕಿ. ಬಾಡಿ ಐದಾರು ವರ್ಷಕ್ಕೆ ಹಳೆಯದಾಗುತ್ತದೆ, ಒಳ್ಳೆಯ ಲೆನ್ಸ್ ಅದಕ್ಕಿಂತ ತುಂಬ ಹೆಚ್ಚು ಬಾಳುತ್ತದೆ.

ಫೋಟೋದಿಂದ ಸಂಪಾದನೆ ಮಾಡುವವರಾದರೆ, ಮದುವೆ, ಮೇಳದ ಆಟ, ಪತ್ರಿಕೆ ಇತ್ಯಾದಿ, ಫುಲ್ ಫ್ರೇಮ್ ಬಾಡಿಯ ಬಗ್ಗೆ ಎರಡು ಮಾತಿಲ್ಲ. ಎರಡು ಕಾರ್ಡ್ ಹಾಕುವ ಜಾಗ ಇರಲಿ. ಒಂದು ಕೆಟ್ಟರೆ ಮದುವೆಯನ್ನು ಮತ್ತೊಮ್ಮೆ ಮಾಡಿಸಲಾಗದು.

ಅಕ್ಕನ ಮಗ ಆರ್10 ಮತ್ತು 50 ಮಿ.ಮೀ. ಮಾತ್ರ ತೆಗೆದುಕೊಂಡ. ಆಟದ ತಿರುಗಾಟ ಪೂರ್ತಿ ಅದರಲ್ಲೇ ತೆಗೆದ. ಹಕ್ಕಿಯ ಲೆನ್ಸಿಗೆ ದುಡ್ಡು ಕೂಡಿಸುತ್ತಿದ್ದಾನೆ.

ಹೆಜ್ಜೆ 7: ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆ

ದುಬೈಯಿಂದ ತರಿಸುವುದಾದರೂ ಮೊದಲು ಮಂಗಳೂರಿಗೆ ಹೋಗಿ ಕೈಯಲ್ಲಿ ಹಿಡಿದು ನೋಡಿ. ನಿಮ್ಮದೇ ಕಾರ್ಡ್ ಒಯ್ಯಿರಿ. ಕೇಳಿಕೊಂಡು ಹಾಕಿ. ಅಂಗಡಿಯ ಅತಿ ಕತ್ತಲ ಮೂಲೆಯಲ್ಲಿ ಯಾರಾದರೂ ನಡೆಯುವಾಗ 1/250ರಲ್ಲಿ ತೆಗೆಯಿರಿ. ಹೊರಗೆ ಬಂದು ಹಾರುವ ಹದ್ದಿಗೆ ಗುರಿಯಿಡಿ. ಪಿ1000 ಕೂತ ಹಕ್ಕಿಗೆ, ಚಂದ್ರನಿಗೆ ಸೊಗಸು. ಹಾರುವುದನ್ನು ಹಿಡಿಯುವಾಗ ಅದರ ಫೋಕಸ್ ಹಿಂದೆ ಬೀಳುತ್ತದೆ, ಇದು ನಿಮಗೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಫೋಟೋಗಳನ್ನು ಮನೆಯ ದೊಡ್ಡ ಪರದೆಯಲ್ಲಿ ನೋಡಿ. ಕ್ಯಾಮರಾದ ಸಣ್ಣ ಪರದೆಯಲ್ಲಿ ಎಲ್ಲವೂ ಚೆಂದವೇ.

ಟ್ಯೂಬ್‌ಲೈಟಿನ ಕೆಳಗೆ ಎಲೆಕ್ಟ್ರಾನಿಕ್ ಶಟರ್ ಹಾಕಿ ಒಂದು ಫೋಟೋ ತೆಗೆಯಿರಿ. ಅಡ್ಡ ಪಟ್ಟೆಗಳು ಬಂದರೆ ಗಾಬರಿ ಬೇಡ. ನಮ್ಮ ಕರೆಂಟ್ 50 ಹರ್ಟ್ಸ್. ದೀಪ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಮೆಕ್ಯಾನಿಕಲ್ ಶಟರಿಗೆ ಬದಲಿಸಿ, ಆಗುವುದಾದರೆ 1/100 ಇಡಿ. ಮಿನುಗು ತಡೆಯುವ ಸೆಟ್ಟಿಂಗ್ ಇರುವ ಮಿರರ್‌ಲೆಸ್ ಸಿಕ್ಕಿದರೆ ಬಯಲಾಟಕ್ಕೆ ಅದು ದೊಡ್ಡ ಅನುಕೂಲ. ವಿಡಿಯೋ ಮಾಡುವವರು ಒಂದೇ ಸಲಕ್ಕೆ ಎಷ್ಟು ನಿಮಿಷ ಓಡುತ್ತದೆ ಎಂದು ಕೇಳಲೇಬೇಕು. ಹಲವು ಸಣ್ಣ ಕ್ಯಾಮರಾಗಳು ನಡುವೆ ನಿಂತುಬಿಡುತ್ತವೆ. ಭಾಗವತರ ಪದ ಅರ್ಧಕ್ಕೆ ಕಡಿದುಹೋದರೆ ಆ ವಿಡಿಯೋ ಯಾರಿಗೂ ಬೇಡ.

ದುಬೈ ಕ್ಯಾಮರಾಕ್ಕೆ ಭಾರತದಲ್ಲಿ ವಾರಂಟಿ ನಡೆಯುತ್ತದೆಯೇ ಎಂದು ಆ ಮಾಡೆಲಿನ ಹೆಸರು ಹೇಳಿಯೇ ಕೇಳಿ. ಹಲವು ಕಂಪೆನಿಗಳ ವಾರಂಟಿ ಕೊಂಡ ದೇಶಕ್ಕೆ ಮಾತ್ರ. ಬಿಲ್ ಜೊತೆಗಿರಲಿ. ತೆರಿಗೆಯಿಲ್ಲದೆ ತರುವುದಕ್ಕೆ ಮಿತಿ ಇದೆ. ಅದನ್ನು ದಾಟಿದರೆ ವಿಮಾನ ನಿಲ್ದಾಣದಲ್ಲಿ ಸುಂಕ ಕಟ್ಟಬೇಕು. ಅದನ್ನೂ ಕೂಡಿಸಿದರೆ ಉಳಿತಾಯ ಎಷ್ಟು ಎಂದು ನೋಡಿ.

ಹಳೆಯ ಲೆನ್ಸ್ ಕೊಳ್ಳುವವರು ಫೋನಿನ ಟಾರ್ಚನ್ನು ಹಿಂದಿನಿಂದ ಹಿಡಿದು ಗಾಜಿನೊಳಗೆ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು. ಎಷ್ಟು ಅಗ್ಗವಾದರೂ ಬೇಡ.

ಹೆಜ್ಜೆ 8: ಮಳೆಗಾಲಕ್ಕೆ ಮೊದಲೇ ತಯಾರಿ

ಒಂದು ವರ್ಷ ಆಟಿ ತಿಂಗಳಿಡೀ ನಾನು ಲೆನ್ಸನ್ನು ಚರ್ಮದ ಚೀಲದಲ್ಲಿ, ಮರದ ಕಪಾಟಿನಲ್ಲಿ ಇಟ್ಟಿದ್ದೆ. ಜೋಪಾನ ಮಾಡಿದ್ದೇನೆ ಎಂದೇ ಭಾವಿಸಿದ್ದೆ. ಸೋಣ ತಿಂಗಳಲ್ಲಿ ತೆಗೆದು ನೋಡಿದರೆ ಒಳಗಿನ ಗಾಜಿನ ತುಂಬ ಬಿಳಿ ಎಳೆಗಳು. ಚರ್ಮ ತೇವ ಹಿಡಿದಿಡುತ್ತದೆ ಎಂದು ಆಗ ಗೊತ್ತಿರಲಿಲ್ಲ. ಆ ಲೆನ್ಸನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಲೆನ್ಸ್ ಬದಲಿಸುವ ಕ್ಯಾಮರಾ ಆದರೆ ಬೇಕಲದ ಮರಳಿನ ಮೇಲೆ ಬದಲಿಸಬೇಡಿ. ಕಾರಿನೊಳಗೆ, ಬಾಗಿಲು ಹಾಕಿಕೊಂಡು ಬದಲಿಸಿ. ಸೂಪರ್‌ಜೂಮಿಗೆ ಆ ಚಿಂತೆ ಇಲ್ಲ ಎನ್ನಬೇಡಿ. ಜೂಮ್ ಹೊರಗೆ ಬಂದು ಒಳಗೆ ಹೋಗುವಾಗ ಧೂಳನ್ನೂ ಎಳೆದುಕೊಳ್ಳುತ್ತದೆ. ಒಳಗೆ ಹೋದ ಧೂಳನ್ನು ನಾವು ತೆಗೆಯಲಾಗದು.

ಗಾಳಿಯಾಡದ ರಬ್ಬರ್ ಅಂಚಿನ ಡಬ್ಬಿ ಸಾಕು. ಅದರೊಳಗೆ ಸಿಲಿಕಾ ಜೆಲ್, ಜೊತೆಗೆ ತೇವ ಅಳೆಯುವ ಸಣ್ಣ ಮೀಟರ್. ತೇವ 40ರಿಂದ 50 ಶೇಕಡಾ ನಡುವೆ ಇರಲಿ. ಅಕ್ಕಿಯಲ್ಲಿ ಹೂತಿಡಬೇಡಿ, ಅದರ ಹುಡಿ ಲೆನ್ಸಿನ ಸಂದಿಗೆ ಹೋಗುತ್ತದೆ. ವಾರಕ್ಕೊಮ್ಮೆ ಕ್ಯಾಮರಾ ಹೊರತೆಗೆದು, ಜಗಲಿಯ ಬೆಳಕಿನಲ್ಲಿ ಜೂಮನ್ನು ಹಿಂದೆ ಮುಂದೆ ಮಾಡಿ, ಹತ್ತು ಫೋಟೋ ತೆಗೆದು ಮತ್ತೆ ಒಳಗಿಡಿ. ಕಿತ್ತಳೆ ಬಣ್ಣದ ಜೆಲ್ ಹಸಿರಾದರೆ ಅದು ತೇವ ಕುಡಿದಿದೆ ಎಂದರ್ಥ. ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಮತ್ತೆ ಕಿತ್ತಳೆ ಆದಾಗ ಇಳಿಸಿ, ಪೂರ್ತಿ ತಣಿದ ಮೇಲೆ ಡಬ್ಬಿಗೆ ಹಾಕಿ. ಆ ಬಾಣಲೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ.